ಗೆದ್ದವರ ಮನೆಯ ಕೋಳಿಗಳು

ಕಳೆದ ತಿಂಗಳು ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ಕೋಳಿ ಅಂಗಡಿಯೊಂದರ ಪಕ್ಕದಲ್ಲಿ ನಿಲ್ಲಬೇಕಾಯಿತು. ಕುದಿಯುವ ನೀರಿಗೆ ಅದ್ದಿದ ಪುಕ್ಕದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಜೊತೆಗಿದ್ದ ತಂಗಿಯ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕೈ ಹಿಡಿದೆಳೆದಳು. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮೂಡಬಿದಿರೆಯ ಜೈನರ ಮನೆ ನಮ್ಮದು. ಅಂಥ ಮನೆಯ ಮುದುಕಿ ಅಲ್ಲಿ ಅಲುಗದೆ ನಿಂತದ್ದು ಕಂಡು ಅವಳಿಗೆ ಗಾಬರಿ. ನನಗೋ ಕಂಪೌಂಡರ ನೆನಪು ಬಂದಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಟೀಚರ್ ಕೆಲಸ ಸಿಕ್ಕಿ, ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಗೋಡೆಯ ಆಚೆಯ ಕೋಣೆ ದನದ ಆಸ್ಪತ್ರೆಯ ಕಂಪೌಂಡರದು. ನನ್ನ ಅಪ್ಪನ ಪ್ರಾಯ, ಸಂಸಾರವೆಲ್ಲ ಅವರ ಊರಿನಲ್ಲಿ. ಇಲ್ಲಿ ಅವರ ಜೊತೆಗಿದ್ದದ್ದು ಒಂದು ಸೈಕಲ್ಲು ಮತ್ತು ಮೂರು ಹೇಂಟೆಗಳು. ಬೆಳಿಗ್ಗೆ ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಆಚೆಯಿಂದ ಅವರು ಕೋಳಿಗಳಿಗೆ ತುಳುವಿನಲ್ಲಿ ಬೈಯುವುದು ಕೇಳುತ್ತಿತ್ತು. ಬೈಗುಳವೂ ಎಷ್ಟು ಪ್ರೀತಿಯದೆಂದರೆ, ಬೈಸಿಕೊಳ್ಳುವವರಿಗೆ ಹೊಟ್ಟೆ ತುಂಬಬೇಕು.

ಕೋಳಿಗಳಿಗೆ ರೋಗ ಬಾರದಂತೆ ಚುಚ್ಚುವ ಮದ್ದು ಮಂಗಳೂರಿನಿಂದ ಬಸ್ಸಿನಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಗಡ್ಡೆ ಕರಗುವ ಮೊದಲು ಮದ್ದು ಮುಗಿಯಬೇಕು. ಆ ದಿನ ಕಂಪೌಂಡರಿಗೆ ಊಟವಿಲ್ಲ, ಮಾತಿಲ್ಲ. ಫ್ಲಾಸ್ಕನ್ನು ಹೊಟ್ಟೆಗೆ ಅವಚಿಕೊಂಡು ಸೈಕಲ್ಲಿನಲ್ಲಿ ಮನೆ ಮನೆ ತಿರುಗುತ್ತಿದ್ದರು. ಕೋಳಿಯನ್ನು ಎತ್ತಿ, ಅದರ ಪಕ್ಕೆಗೆ ಕಿವಿಯಿಟ್ಟು ಉಸಿರು ಕೇಳುವುದು ಅವರ ಅಭ್ಯಾಸ. ನಮ್ಮ ಶಾಲೆಯ ಮಕ್ಕಳೂ ಅದನ್ನು ಕಲಿತು ತರಗತಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಕಿವಿಯಿಡುತ್ತಿದ್ದವು.

ಆ ವರ್ಷ ಸುಗ್ಗಿ ಕಳೆದ ಮೇಲೆ ಕೊಕ್ಕರೆ ರೋಗ ಬಂತು. ಕೋಳಿಗಳು ಕೊಕ್ಕು ತೆರೆದು, ಗೊರ ಗೊರ ಎನ್ನುತ್ತ, ಕುತ್ತಿಗೆ ತಿರುಚಿ ಸಾಯತೊಡಗಿದವು. "ಇದು ಯಾವಾಗಲೂ ಬರುವ ಜಾತಿಯದ್ದಲ್ಲ ಟೀಚರೇ, ಇದು ಮೊದಲು ಉಸಿರಿಗೇ ಹೋಗ್ತದೆ" ಎಂದರು ಕಂಪೌಂಡರು. ಹಗಲಿಡೀ ಚುಚ್ಚಿದರು. ಆದರೆ ರೋಗ ಆಗಲೇ ಒಳಗೆ ಹೊಕ್ಕಿದ್ದ ಕೋಳಿಗಳು ಚುಚ್ಚಿದ ಮರುದಿನವೇ ಸತ್ತವು. ಜನ ಕಂಡದ್ದು ಅಷ್ಟನ್ನೇ. ಕಂಪೌಂಡರ ಸೂಜಿಯೇ ರೋಗ ತಂದದ್ದು ಎಂದು ಮಾತಾಯಿತು. ಅವರದೇ ಹೇಂಟೆಗಳಿಗೆ ಮದ್ದು ಚುಚ್ಚಿರಲಿಲ್ಲ ಎನ್ನುವುದಂತೂ ದೊಡ್ಡ ಸಾಕ್ಷಿಯಾಯಿತು. ಪ್ರತಿ ಸಲವೂ ಮನೆಗೆ ಬರುವಷ್ಟರಲ್ಲಿ ಫ್ಲಾಸ್ಕು ಖಾಲಿಯಾಗಿರುತ್ತಿತ್ತು ಎಂದು ಯಾರಿಗೆ ಹೇಳುವುದು? ಅಂಗಳಕ್ಕೆ ಕಾಲಿಟ್ಟರೆ ನಾಯಿ ಛೂ ಬಿಟ್ಟರು. ಅವರನ್ನು ಇಲ್ಲಿಂದ ವರ್ಗ ಮಾಡಬೇಕೆಂದು ಹತ್ತಿಪ್ಪತ್ತು ಮಂದಿ ರುಜು ಹಾಕಿ ಮೇಲಿನ ಕಚೇರಿಗೆ ಅರ್ಜಿಯನ್ನೂ ಕಳಿಸಿದರು.

ಕಂಪೌಂಡರು ಸಿಟ್ಟಾಗಲಿಲ್ಲ. ಯಾವ ಮನೆಯಲ್ಲಿ ಯಾವ ದಿನ ಸತ್ತವು, ಎಲ್ಲಿ ಸಾಯಲಿಲ್ಲ ಎಂದು ಬೇಲಿಯ ಹೊರಗೆ ನಿಂತೇ ಕೇಳಿ ಬರೆದುಕೊಂಡರು. ಒಂದು ಸಂಜೆ ಅಂಗಳದಲ್ಲಿ ಕೂಗಿದರು:

"ಟೀಚರೇ, ಇಲ್ಲಿ ನೋಡಿ ಮಾರಾಯ್ರೇ! ಗೆದ್ದವರ ಮನೆಯದ್ದು ಮಾತ್ರ ಸಾಯ್ತಾ ಉಂಟು."

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೊಯ್ದ ಗದ್ದೆಯಲ್ಲಿ ಆದಿತ್ಯವಾರ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ, ನಡೆಯುತ್ತಿತ್ತು. ಆ ವರ್ಷ ದೂರದೂರಿನವರು ತಮ್ಮ ಹುಂಜಗಳನ್ನು ತಂದಿದ್ದರು. ಅಂಕದಲ್ಲಿ ಸೋತ ಕೋಳಿ ಗೆದ್ದವನ ಪಾಲು, ಅದು ನಮ್ಮ ಕಡೆಯ ಪದ್ಧತಿ. ಗೆದ್ದವರು ಅದನ್ನು ತಲೆಕೆಳಗಾಗಿ ಹಿಡಿದು ಮೆರೆಸುತ್ತ ಮನೆಗೆ ತಂದು ಅಂಗಳದಲ್ಲಿ ಸುಲಿಯುತ್ತಿದ್ದರು. ಪುಕ್ಕ, ಕರುಳನ್ನೆಲ್ಲ ಮನೆಯ ಹೇಂಟೆಗಳು ಕೆದಕುತ್ತಿದ್ದವು, ಹೊರಗಿನಿಂದ ಬಂದ ರೋಗ ಅಲ್ಲಿಂದ ಹತ್ತುತ್ತಿತ್ತು. ಸೋತು ಬರಿಗೈಯಲ್ಲಿ ಬಂದವರ ಮನೆಯ ಕೋಳಿಗಳು ಗಟ್ಟಿಮುಟ್ಟಾಗಿದ್ದವು.

ಬಾಯಿಮಾತನ್ನು ಯಾರು ನಂಬುತ್ತಾರೆ? ಕಂಪೌಂಡರು ತಮ್ಮ ಮೂರು ಹೇಂಟೆಗಳನ್ನೇ ಮೂರು ಗೂಡುಗಳಲ್ಲಿ ಬೇರೆ ಬೇರೆ ಇಟ್ಟರು. ಒಂದರ ಜೊತೆಗೆ ರೋಗದ ಕೋಳಿ. ಇನ್ನೊಂದಕ್ಕೆ, ಅಂಗಳದ ಆ ತುದಿಯಲ್ಲಿ, ಸತ್ತ ಕೋಳಿಯ ಪುಕ್ಕ ಮತ್ತು ಕರುಳು ಮಾತ್ರ. ಮೂರನೆಯದು ನನ್ನ ಕೋಣೆಯ ಹಿಂದೆ, ಏನೂ ಇಲ್ಲದೆ. ಅದು ಗೊತ್ತಾದಾಗ ನಾನು ಕೂಗಾಡಿಬಿಟ್ಟೆ.

"ಗೊತ್ತಿದ್ದೂ ಗೊತ್ತಿದ್ದೂ ರೋಗದ ಬಾಯಿಗೆ ಕೊಡುವುದಾ? ಕೊಲ್ಲುವುದಕ್ಕೂ ಇದಕ್ಕೂ ಎಂತ ವ್ಯತ್ಯಾಸ ಉಂಟು ಕಂಪೌಂಡರೇ?"

ಬೇರೆ ಯಾರಾದರೂ ಆಗಿದ್ದರೆ ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟಾ ಎಂದು ನಕ್ಕುಬಿಡುತ್ತಿದ್ದರು. ಇವರು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಒಂದು ನೋಟ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರು.

"ಪಾಪ ಉಂಟು ಟೀಚರೇ. ಇಲ್ಲ ಅಂತ ನಾನು ಹೇಳುವುದಿಲ್ಲ. ಅದು ನನಗಿರಲಿ. ನೀವು ಕಂಡದ್ದನ್ನು ಬರೆದುಕೊಡಿ, ಸಾಕು. ನಾನು ಬರೆದರೆ ಯಾರೂ ನಂಬುವುದಿಲ್ಲ. ನೀವು ಕೋಳಿ ತಿನ್ನುವವರೂ ಅಲ್ಲ, ಅಂಕಕ್ಕೆ ಹೋಗುವವರೂ ಅಲ್ಲ."

ಹಾಗೆ ನಾನು ಕೋಳಿಗಳ ಗುಮಾಸ್ತೆಯಾದೆ! ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂಗಿಗೆ ಸೆರಗು ಕಟ್ಟಿಕೊಂಡು ಬರೆದೆ: ಸೀನಿತು, ಕಾಳು ಬಿಟ್ಟಿತು, ಉಸಿರಿಗೆ ಬಾಯಿ ತೆರೆಯಿತು... ರೋಗದ ಕೋಳಿಯ ಜೊತೆಗಿದ್ದದ್ದು ಐದನೆಯ ದಿನ ಬಿತ್ತು. ಪುಕ್ಕ ಕೆದಕಿದ್ದು ಅದರ ಮರುದಿನ. ಎರಡನ್ನೂ ಕಂಪೌಂಡರು ಮಡಿಲಲ್ಲಿಟ್ಟು ತುಳುವಿನಲ್ಲಿ ಏನೋ ಹೇಳುತ್ತಿದ್ದರು. ಆ ಸಲ ಬೈಗುಳ ಇರಲಿಲ್ಲ. ನನ್ನ ಹಿತ್ತಲಿನದು ಮಾತ್ರ ಏನೂ ಆಗದೆ ಮೊಟ್ಟೆ ಇಟ್ಟು ಕೂಗಿತು.

ಮುಂದಿನ ಆದಿತ್ಯವಾರ ನಾನು ಕೋಳಿ ಅಂಕದ ಗದ್ದೆಗೆ ಹೋದೆ. ಮೂಡಬಿದಿರೆಯಲ್ಲಿ ನನ್ನ ಅಜ್ಜಿಗೆ ತಿಳಿದಿದ್ದರೆ ಅಲ್ಲಿಯೇ ಮೂರ್ಛೆ ಹೋಗುತ್ತಿದ್ದರು. ಪುಸ್ತಕ ತೆರೆದು ದಿನದಿನದ್ದೂ ಓದಿದೆ. ಮೊದಲು ನಕ್ಕರು. ಮೂರನೆಯ ಹೇಂಟೆಯ ವಿಷಯಕ್ಕೆ ಬಂದಾಗ ನಗು ನಿಂತಿತು. ಯಾವ ಯಾವ ಮನೆಯಲ್ಲಿ ಸತ್ತಿವೆ ಎಂದು ಅವರವರೇ ಮುಖ ನೋಡಿಕೊಂಡರು.

"ಸರಿ ಟೀಚರೇ, ಹಾಗಂತ ಗೆದ್ದು ಸಿಕ್ಕಿದ ಕೋಳಿಯನ್ನು ಬಿಟ್ಟು ಹೋಗುವುದಾ? ಮರ್ಯಾದೆ ಎಂತ ಉಳಿಯಿತು?" ಎಂದರು ಒಬ್ಬ ಹಿರಿಯರು.

"ಬಿಡಬೇಡಿ. ಇಲ್ಲೇ ಬಿಸಿನೀರು ಕಾಯಿಸಿ, ಇಲ್ಲೇ ಸುಲಿದು, ಪುಕ್ಕ ಕರುಳು ಎಲ್ಲ ಹುಗಿದು, ಬರೀ ಮಾಂಸ ತೆಗೆದುಕೊಂಡು ಹೋಗಿ" ಎಂದೆ.

ಕೋಳಿ ಸುಲಿಯುವ ಕ್ರಮವನ್ನು ಜೈನರ ಹುಡುಗಿ ಊರಿಗೆ ಕಲಿಸಿದಳು ಎಂದು ಬಹಳ ಕಾಲ ತಮಾಷೆ ಮಾಡಿದರು. ಆದರೆ ಅದೇ ದಿನ ಗದ್ದೆಯ ಬದಿಯಲ್ಲಿ ಗುಂಡಿ ತೋಡಿದರು, ಹಂಡೆ ಇಟ್ಟರು. ಆ ವಾಸನೆ ಮೊದಲ ಸಲ ಮೂಗಿಗೆ ಬಂದದ್ದು ಅಲ್ಲಿ. ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಆದರೂ ಅಷ್ಟು ಸಂತೋಷ ನನಗೆ ಬೇರೆ ಯಾವ ವಾಸನೆಯಿಂದಲೂ ಆಗಿಲ್ಲ. ತಿಂಗಳು ಕಳೆಯುವುದರೊಳಗೆ ಸಾವು ಕಡಿಮೆಯಾಯಿತು. ನಾಯಿ ಛೂ ಬಿಟ್ಟವರೇ ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಪೌಂಡರ ಬಾಗಿಲಿಗೆ ಬಂದರು.

ಎಲ್ಲರೂ ಮರೆತಿದ್ದ ಆ ಅರ್ಜಿ ಮಾತ್ರ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇತ್ತು. ಮಳೆಗಾಲ ಶುರುವಾಗುವಾಗ ವರ್ಗದ ಆರ್ಡರು ಬಂತು, ಘಟ್ಟದ ಮೇಲಿನ ಯಾವುದೋ ಊರಿಗೆ. ರುಜು ಹಾಕಿದವರೇ ತಪ್ಪಾಯಿತೆಂದು ಇನ್ನೊಂದು ಅರ್ಜಿ ಬರೆದರು. ಅದಕ್ಕೆ ಉತ್ತರ ಬರಲಿಲ್ಲ.

ಬಸ್ಸು ಹತ್ತಿ ಕೂತ ಮೇಲೆ ಕಂಪೌಂಡರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು, "ಟೀಚರೇ, ಆ ಎರಡು ಕೋಳಿಗಳ ಸಿಟ್ಟು ನಿಮಗೆ ಈಗಲೂ ಉಂಟಾ?"

ಅಳು ಬರುತ್ತಿತ್ತು. ಅದನ್ನು ಮುಚ್ಚಲು ತಮಾಷೆಗೆ, "ಉಂಟು, ಜೋರು ಉಂಟು" ಎಂದೆ. ಅವರು ನಕ್ಕ ಹಾಗೆ ಕಂಡಿತು... ಪೂರ್ತಿ ನಗುವ ಮೊದಲೇ ಬಸ್ಸು ತಿರುಗಿತು. ಕಾಗದ ಬರೆಯುವ, ನಾಳೆ ಬರೆಯುವ ಎಂದುಕೊಂಡೇ ವರ್ಷಗಳು ಹೋದವು. ಆಮೇಲೆ ವಿಳಾಸ ಕೇಳಿದರೆ ಹೇಳುವವರು ಇರಲಿಲ್ಲ. ಈಗ ನನಗೇ ಎಂಬತ್ತು ದಾಟಿದೆ. ಅವರು ಎಂದೋ, ಎಲ್ಲಿಯೋ ತೀರಿಹೋಗಿರಬೇಕು.

ಸಿಟ್ಟು ಇರಲಿಲ್ಲ, ಕಂಪೌಂಡರೇ. ಒಂದು ಚೂರೂ ಇರಲಿಲ್ಲ.