ಅಪ್ಪನ ಕಾಲಿನ ಮುಂದಿನ ತಗಡು

ನಮ್ಮ ಹಳೇ ಜೀಪಿನಲ್ಲಿ ಇಂಜಿನ್ನಿಗೂ ಓಡಿಸುವವನ ಕಾಲಿಗೂ ನಡುವೆ ಇರುವುದು ಒಂದೇ ಒಂದು ಅಡ್ಡ ತಗಡು. ಅದು ತುಕ್ಕು ಹಿಡಿದು, ಆಕ್ಸಿಲರೇಟರ್ ಪಕ್ಕದಲ್ಲಿ ಅಂಗೈ ಅಗಲದ ತೂತಾಗಿತ್ತು. ‘ಲೇ, ಬಿಸಿಗಾಳಿ ನುಗ್ತಾ ಐತೆ, ತಗಡು ಬದಲಾಯಿಸ್ಬೇಕು ಕಣ್ಲಾ’ ಎಂದು ಅಪ್ಪ ಎರಡು ಸಲ ಹೇಳಿದ್ದ. ಅದನ್ನು ಬದಲಾಯಿಸುವುದೆಂದರೆ ಸ್ಟೀರಿಂಗ್, ಪೆಡಲ್ಲು, ವೈರಿಂಗ್ ಎಲ್ಲ ಬಿಚ್ಚಿ ಜೀಪಿನ ಅರ್ಧ ಮೈಯನ್ನೇ ಕಳಚಬೇಕು. ಕಾಯಿ ಕೀಳಿಸುವ ಕಾಲ, ಯಾರಿಗೆ ಬೇಕು ಆ ತಾಪತ್ರಯ? ನಮ್ಮ ಕಡೆ ಯಾವ ತೂತಿಗೂ ಮದ್ದು ತೆಂಗಿನ ತೋಟದಲ್ಲೇ ಸಿಗುತ್ತದೆ. ಕಾಯಿ ಸುಲಿದ ಮಟ್ಟೆಯ ಎರಡು ಹಿಡಿ ನಾರು ತುರುಕಿ, ಮೇಲೊಂದು ಗೋಣಿಚೀಲದ ತುಂಡು ಒತ್ತಿದೆ. ‘ಏನೂ ಆಗಲ್ಲ ಬುಡಪ್ಪ’ ಅಂದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಪಾದ ಮರಗಟ್ಟಿ ವರ್ಷದ ಮೇಲಾಗಿತ್ತು. ನಡೆಯುವಾಗ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ಮುಂದೆ ಹೋಗಿಬಿಡುತ್ತಿದ್ದ. ನಾವು ಅದನ್ನು ಹೇಳಿಕೊಂಡು ನಗುತ್ತಿದ್ದೆವು. ಜೀಪು ಹತ್ತಿದರಂತೂ ಬರಿಗಾಲಲ್ಲೇ ಓಡಿಸುವುದು ಅವನ ಹಳೇ ಅಭ್ಯಾಸ.

ಒಂದು ಬೆಳಿಗ್ಗೆ ನೊಣವಿನಕೆರೆಯಿಂದ ಬರುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮಟ್ಟೆ ಸುಟ್ಟ ವಾಸನೆ ಬಂತು. ಬಂದರೇನು? ಆ ಹೊತ್ತಿನಲ್ಲಿ ಪ್ರತಿ ಮನೆಯ ನೀರೊಲೆಯಲ್ಲೂ ಉರಿಯುವುದು ತೆಂಗಿನ ಮಟ್ಟೆಯೇ. ಆ ವಾಸನೆಗೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಮನೆ ಮುಂದೆ ಇಳಿದು ಅಪ್ಪ ಒಳಗೆ ಹೋದ. ‘ಅಯ್ಯೋ, ನಿಮ್ ಕಾಲ್ ನೋಡ್ಕಳ್ರೀ!’ ಎಂದು ಅವ್ವ ಕೂಗಿದಾಗ ಓಡಿದೆ. ಬಲಗಾಲಿನ ಹೆಬ್ಬೆರಳು ಬೆಂದು ಚರ್ಮ ಸುಲಿದಿತ್ತು. ಅಪ್ಪ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ. ಜೀಪಿನಲ್ಲಿ ನಾನು ತುರುಕಿದ ನಾರು ಇನ್ನೂ ಹೊಗೆಯಾಡುತ್ತಿತ್ತು.

ಗಾಯ ಒಣಗಲಿಲ್ಲ. ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು.

ಅಪ್ಪ ಮನೆಗೆ ಬಂದ ಮರುದಿನವೇ ಜೀಪನ್ನು ಕೊಟ್ಟಿಗೆ ಪಕ್ಕ ನಿಲ್ಲಿಸಿ ಬಿಚ್ಚತೊಡಗಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಬಿಟ್ಟು ಕಾದೆ, ಬಿಡದಿದ್ದರೆ ಬೈದೆ, ಕೊನೆಗೆ ಉಳಿ ಇಟ್ಟು ಹೊಡೆದೆ. ಅವ್ವ ಕಾಫಿ ಕೊಡುತ್ತಾ, ‘ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕುದ್ರಂತೆ’ ಅಂದಳು. ಸ್ಪ್ಯಾನರ್ ಎಸೆದು ಅವಳ ಮೇಲೆ ರೇಗಿದೆ. ಅವಳು ಹೇಳಿದ್ದು ನಿಜವಾಗಿತ್ತು. ನನಗಿದ್ದದ್ದು ಒಂದೇ ಆಸೆ: ಅಪ್ಪ ಮೊದಲಿನಂತೆ ಜೀಪು ಓಡಿಸಿಕೊಂಡು ತೋಟಕ್ಕೆ ಹೋಗಬೇಕು. ಬೆರಳಂತೂ ವಾಪಸು ಬರುವುದಿಲ್ಲ, ಅದಾದರೂ ಉಳಿಯಲಿ ಎಂದು.

ತಿಪಟೂರಿನಿಂದ ಹೊಸ ತಗಡು ತಂದು ಕೂರಿಸಿದೆ. ವೆಲ್ಡಿಂಗಿಗೆ ಮಾತ್ರ ಬಿಳಿಗೆರೆಯವನೊಬ್ಬನನ್ನು ಕರೆಸಿದೆ. ಅವನನ್ನು ಇಂಜಿನ್ ಕಡೆಯಿಂದ ಟಾರ್ಚ್ ಹಿಡಿಯಲು ಹೇಳಿ, ನಾನು ಒಳಗೆ ಬಗ್ಗಿ ಕೂತು ಎಲ್ಲಿ ಬೆಳಕು ಕಂಡರೂ ಮತ್ತೆ ವೆಲ್ಡಿಂಗ್ ಮಾಡಿಸಿದೆ. ‘ಇದಕ್ಕೇನ್ ನೀರು ತುಂಬ್ಸಿಡ್ತೀರೇನ್ರೀ?’ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಎಲ್ಲ ಕೂಡಿಸಿದ ದಿನ ಅಪ್ಪ ಕೋಲೂರಿಕೊಂಡು ಬಂದು ಜೀಪು ಹತ್ತಿದ. ಇಂಜಿನ್ ಶುರು ಮಾಡಿ, ಅದು ಚೆನ್ನಾಗಿ ಬಿಸಿಯೇರುವ ತನಕ ಕೂತ. ಆಮೇಲೆ ಬಟ್ಟೆ ಸುತ್ತಿದ ಪಾದವನ್ನು ಹೊಸ ತಗಡಿಗೆ ಆನಿಸಿ ನನ್ನ ಕಡೆ ತಿರುಗಿದ.

‘ಬಿಸಿ ಐತೇನ್ಲಾ?’

ನಾನು ಬಗ್ಗಿ, ಅವನ ಕಾಲಿಗೂ ತಗಡಿಗೂ ನಡುವೆ ಅಂಗೈ ತೂರಿಸಿದೆ. ‘ಇಲ್ಲ ಕಣಪ್ಪ, ಏನೂ ಇಲ್ಲ.’

‘ನಂಗೊತ್ತಾಗ್ತಿಲ್ಲ. ಕಾಲು ಪೆಡ್ಲ್ ಮೇಲೈತೋ ಪಕ್ಕದಾಗೈತೋ, ಅದೂ ಗೊತ್ತಾಗ್ತಿಲ್ಲ ಕಣ್ಲಾ.’

ಇಂಜಿನ್ ಆಫ್ ಮಾಡಿ ಇಳಿದ. ಬಾನೆಟ್ಟು ಹಿಡಿದುಕೊಂಡು ನಿಧಾನವಾಗಿ ಸುತ್ತಿ ಬಂದು ಆ ಕಡೆಯ ಸೀಟಿನಲ್ಲಿ ಕೂತ.

‘ನಡಿ, ನೀನೇ ಓಡ್ಸು’ ಅಂದ.