ಸಾಹೇಬನ ಗುಡಿ, ಸಾಹೇಬನ ಕುರಿ

ಸುಳ್ಳು ಹೇಳಬಹುದು, ಆದರೆ ಅದಕ್ಕೆ ಕಟ್ಟು, ಗಾಜು ಹಾಕಿಸಿ ಗೋಡೆಗೆ ತೂಗುಹಾಕಬಾರದು. ಇದನ್ನು ನಾನು ತಡವಾಗಿ ಕಲಿತೆ. ಬಾಯಲ್ಲಿ ಹೇಳಿದ್ದನ್ನು ಮಂದಿ ಮರೆಯುತ್ತಾರೆ. ಗೋಡೆಯ ಮೇಲಿನದು ಚಹಕ್ಕೆ ಬಂದವರನ್ನೆಲ್ಲ ಮಾತಿಗೆ ಎಳೆಯುತ್ತದೆ.

ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಚಿತ್ರವದು. ಯಾರೋ ಯುರೋಪಿನ ಸಾಹೇಬ ನಮ್ಮ ದೇಶದಲ್ಲಿ ಕಂಡ ಗುಡಿಯೊಂದರ ಹಳೆಯ ಅಚ್ಚುಚಿತ್ರ. ಗುಡಿಯ ಮುಂದೆ ಕೆಲಸವಿಲ್ಲದೆ ಒರಗಿದ ಮುಂಡಾಸದವರು, ಒಂದಿಷ್ಟು ಕುರಿ. ಊರಿನ ಹೆಸರಿರಲಿಲ್ಲ. ಗೋಕಾಕದಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನ ಕೈ ಖಾಲಿ ಜಾಗ ಕಂಡರೆ ಸುಮ್ಮನಿರುತ್ತದೆಯೇ? ಕೆಳಗೆ ಪೆನ್ಸಿಲಿನಿಂದ ಚೆಂದವಾಗಿ ‘ಮಸಗುಪ್ಪಿಯ ಗುಡಿ’ ಎಂದು ಬರೆದುಬಿಟ್ಟೆ. ಮಸಗುಪ್ಪಿ ನಾನು ಹುಟ್ಟಿದ ಊರು. ಅಲ್ಲಿಯ ಕಲ್ಲುಗುಡಿಗೆ ಶಿಖರವಿಲ್ಲ. ಚಿತ್ರದಲ್ಲಾದರೂ ಇರಲಿ ಎಂಬ ಆಸೆ. ಕಟ್ಟು ಹಾಕಿಸಿ ಗೋಡೆಗೇರಿಸಿದೆ; ಚಹಕ್ಕೆ ಬಂದವರ ಬಾಯಿಂದ ಸುದ್ದಿ ಮಸಗುಪ್ಪಿಯನ್ನೂ ಮುಟ್ಟಿತು.

ಇಂಥ ಚಿತ್ರಗಳ ಕಸುಬೇ ವಿಚಿತ್ರ. ಬಿಸಿಲಲ್ಲಿ ಕೂತು ಗುಡಿ ಗೀಚಿಕೊಂಡು ಹೋದವನೊಬ್ಬ, ಅದನ್ನು ತನ್ನ ದೇಶದ ಚಳಿಯಲ್ಲಿ ಅಚ್ಚು ಹಾಕಲು ತಾಮ್ರದ ತಗಡಿನ ಮೇಲೆ ಕೊರೆದವನು ಇನ್ನೊಬ್ಬ. ಗುಡಿಯನ್ನೇ ಕಾಣದ ಈ ಎರಡನೆಯವನು ಗೆರೆ ಸಾಲದ ಕಡೆ ತನ್ನೂರಿನದನ್ನು ತುಂಬುತ್ತಿದ್ದ. ನನ್ನ ಚಿತ್ರದ ಶಿಖರ ಅರ್ಧ ಗೋಪುರ, ಅರ್ಧ ಇಗರ್ಜಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಹೋದ ಶ್ರಾವಣದಲ್ಲಿ ಮಸಗುಪ್ಪಿಯ ಹಿರಿಯರು ಶಿಲ್ಪಿಯೊಬ್ಬನನ್ನು ಕರೆದುಕೊಂಡು ಮನೆಗೆ ಬಂದರು. ಗುಡಿಗೆ ಶಿಖರ ಕಟ್ಟಿಸುವುದಂತೆ, ಅದೂ ನನ್ನ ಚಿತ್ರದಲ್ಲಿದ್ದ ಹಾಗೆಯೇ!

“ಮಾಸ್ತರ, ನಿಮ್ಮಿಂದ ಊರಿನ ಹಳೀ ಶಿಖರ ಸಿಕ್ತು ನೋಡ್ರಿ,” ಎಂದು ಒಬ್ಬರು ಕೈಮುಗಿದರು. ಶಿಲ್ಪಿ ಗಾಜಿನ ಮೇಲೆ ಟೇಪು ಹಿಡಿದ. ಹೇಳಿದರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ನಮ್ಮ ದೇವರು ಆಚಂದ್ರಾರ್ಕ ಸಾಹೇಬನ ಟೊಪ್ಪಿಗೆ ಹಾಕಿಕೊಂಡು ಕೂರಬೇಕು. ಧೈರ್ಯ ಮಾಡಿ ಬಾಯಿ ತೆರೆದೆ. ಹೊರಬಂದದ್ದು, “ಕರದಂಟು ತಗೋರಿ.”

ಬಂದವರಲ್ಲಿ ಸಿದ್ದಪ್ಪ ಕಾಕಾ ಒಬ್ಬರು, ಜೀವಮಾನವೆಲ್ಲ ಕುರಿ ಕಾಯ್ದವರು. ಅವರು ಶಿಖರದ ಕಡೆ ಕಣ್ಣೆತ್ತಲೂ ಇಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಕುರಿಗಳನ್ನೇ ನೋಡಿದರು.

“ಇವು ನಮ್ಮ ಕುರಿ ಅಲ್ರಿ. ನಮ್ಮ ಕುರಿ ಬಾಲ ಗೇಣ ಸುದ್ದಾ ಇರೂದಿಲ್ಲ, ಇವಕ್ಕ ಮೊಣಕಾಲ ತನಕ ಐತಿ. ಕುರಿ ತನ್ನೂರಿಂದ ತಂದಾಂವ ಶಿಖರ ಬಿಟ್ಟು ಬಂದಾನೇನ್ರಿ?”

ಎಲ್ಲರೂ ನಕ್ಕರು. ಶಿಲ್ಪಿ ಟೇಪು ಸುತ್ತಿಕೊಂಡು, “ನಮ್ಮ ಪದ್ಧತಿ ಪ್ರಕಾರನ ಕಟ್ತೇನ್ರಿ,” ಎಂದ. ಬೈಗುಳವೆಲ್ಲ ಸಾಹೇಬನ ಪಾಲಾಯಿತು. ನಾನೂ ಧಾರಾಳವಾಗಿ ಎರಡು ಸೇರಿಸಿದೆ.

ಹೊರಡುವಾಗ ಕಾಕಾ ಚಪ್ಪಲಿ ಮೆಟ್ಟುತ್ತ, ನನಗಷ್ಟೇ ಕೇಳುವಂತೆ ಹೇಳಿದರು: “ಸಾಹೇಬ ಪಾಪ, ತಾ ಕಂಡ ಕುರಿ ಬರದಾನ. ಕೆಳಗ ಕನ್ನಡದಾಗ ಊರ ಹೆಸರು ಬರದಾಂವಗ ಮಸಗುಪ್ಪಿ ಗೊತ್ತಿತ್ತಲ್ಲೋ, ತಮ್ಮಾ?”

ನಾಚಿಕೆಯಾಯಿತು. ಅವತ್ತೇ ಕಟ್ಟು ಬಿಚ್ಚಿ ಆ ಅಕ್ಷರ ಉಜ್ಜಿ ಹಾಕಿದೆ. ಚಿತ್ರ ಮಾತ್ರ ಅಲ್ಲೇ ಇದೆ. ಈಗ ಯಾರಾದರೂ ಯಾವ ಊರಿನ ಗುಡಿ ಎಂದು ಕೇಳಿದರೆ ನನ್ನದು ಒಂದೇ ಉತ್ತರ: “ಗುಡಿ ಯಾವ ಊರಿಂದೋ ಗೊತ್ತಿಲ್ರಿ. ಸಾಹೇಬನ ಊರಿನ ಕುರಿ ಅಷ್ಟ ಖರೆ ಅದಾವ.”