ಹುಣಸೆಹಣ್ಣಿನಲ್ಲಿ ತೊಳೆದ ಸೈನ್ಯ

ಹೊಸಪೇಟೆಯಲ್ಲಿ ನಾನು ಹಲ್ಲು ಮಾಡುತ್ತೇನೆ. ಡಾಕ್ಟರರು ಕಳಿಸಿದ ಅಚ್ಚು ನೋಡಿ ಕ್ಯಾಪ್ ತಯಾರಿಸಿ, ಪಕ್ಕದ ಹಲ್ಲಿಗೆ ಹೊಂದುವ ಹಾಗೆ ಸಣ್ಣ ಕುಂಚದಲ್ಲಿ ಬಣ್ಣ ಕೊಡುವ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಅಂಥದೇ ಕುಂಚ ಹಿಡಿದು ಸೈನಿಕರಿಗೆ ಬಣ್ಣ ಹಚ್ಚುತ್ತೇನೆ. ಹೆಬ್ಬೆರಳಿನಷ್ಟು ಎತ್ತರದ ಲೋಹದ ಸೈನಿಕರು. ಇವರನ್ನು ಮೇಜಿನ ಮೇಲೆ ಎರಡು ಪಡೆಯಾಗಿ ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಲ್ಲಿ ಅಳೆದು ಯುದ್ಧದ ಆಟ ಆಡುವವರಿದ್ದಾರೆ. ನನಗೆ ಆ ಆಟ ಬರುವುದಿಲ್ಲ, ಕಲಿಯುವ ತಾಳ್ಮೆಯೂ ಇಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ಆದರೆ ಒಬ್ಬ ಸೈನಿಕನ ಹುಬ್ಬಿಗೆ ಬಣ್ಣ ಇಡುವಾಗ ಉಸಿರು ಕೂಡ ಹೇಳಿದ ಮಾತು ಕೇಳುತ್ತದೆ.

ಅತ್ತೆಗೆ ಇದು ಮೊದಲಿನಿಂದಲೂ ಸೋಜಿಗ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಬೆಳೆದ ಜೀವ, ಕೈ ಖಾಲಿ ಇದ್ದರೆ ಆಕೆಗೆ ನಿದ್ದೆ ಬರುವುದಿಲ್ಲ. "ಕಣ್ಣು ಕಳಕೊಂತಿ ನೋಡವಾ, ಹಲ್ಲು ಸಾಲದಂಗ ಈ ಗೊಂಬಿ ಬ್ಯಾರೆ" ಎಂದು ಬೈಯುತ್ತಲೇ ಚಹಾ ತಂದಿಡುತ್ತಾರೆ.

ಹೋದ ದಸರೆಗೆ ಮುಂಚೆ ಸಂಡೂರಿನಿಂದ ಒಬ್ಬ ಹೆಂಗಸು ಹಲ್ಲಿನ ಬಣ್ಣ ಹೊಂದಿಸಿಕೊಳ್ಳಲು ನಮ್ಮ ಲ್ಯಾಬಿಗೇ ಬಂದಿದ್ದರು. ನನಗಿಂತ ಹಿರಿಯರು, ಅಕ್ಕ ಎಂದೇ ಕರೆದೆ. ನನ್ನ ಮೇಜಿನ ಮೇಲಿದ್ದ ಒಬ್ಬ ಸೈನಿಕನನ್ನು ಕಂಡು ಕೈಗೆತ್ತಿಕೊಂಡರು. ಅವರ ತಮ್ಮನಿಗೂ ಇದೇ ಹುಚ್ಚಿತ್ತಂತೆ. ಹಂಪಿಯ ಗೆಸ್ಟ್ ಹೌಸಿನಲ್ಲಿ ಕೆಲಸಕ್ಕಿದ್ದಾಗ ಯಾರೋ ಪ್ರವಾಸಿಗನಿಂದ ಕಲಿತವನು, ಒಂದು ಪೂರ್ತಿ ಸೈನ್ಯಕ್ಕೆ ಬಣ್ಣ ಹಚ್ಚಿ ಮುಗಿಸಿ, ಅದರ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಆಮೇಲೆ ಗೋಡೆಯ ಹಲಗೆ ಕಿತ್ತು ಸೈನ್ಯವೆಲ್ಲ ನೆಲಕ್ಕೆ ಬಿದ್ದಿತ್ತು. ಈಟಿ ಬಾಗಿದ್ದವು, ತೋಳು ಕಳಚಿದ್ದವು.

"ಜೋಡಿಸಿ ಕೊಡ್ರಿ ಸಾಕು. ಬಣ್ಣ ಮಾತ್ರ ಮುಟ್ಟಬ್ಯಾಡ್ರಿ. ಅವನ ಕೈಯಿಂದು ಅಂತ ನಮ್ಮ ಹತ್ರ ಉಳಿದಿರೋದು ಅದೊಂದ" ಎಂದರು. ದಸರೆ ಮುಗಿದ ವಾರವೇ ಅವನ ವರ್ಷದ ಕಾರ್ಯ. ಅಷ್ಟರೊಳಗೆ ಬೇಕಾಗಿತ್ತು.

ತೋಳು ಅಂಟಿಸಿದೆ, ಈಟಿ ನೆಟ್ಟಗೆ ಮಾಡಿದೆ. ಸಂಡೂರಿನ ಕೆಂಧೂಳು ಕುದುರೆಗಳ ಜೂಲಿನವರೆಗೂ ಇಳಿದಿತ್ತು. ಕೊಟ್ಟ ಮಾತಿನಂತೆ ಅದನ್ನೂ ಮುಟ್ಟಲಿಲ್ಲ. ಕೆಲಸ ಮುಗಿಸಿ ಸೈನ್ಯವನ್ನು ಡಬ್ಬಿಗೆ ಹಾಕಿ ಅಲಮಾರಿನಲ್ಲಿಟ್ಟೆ.

ಆಯುಧಪೂಜೆಯ ಹಿಂದಿನ ದಿನ ಲ್ಯಾಬಿನಿಂದ ಬಂದು ಹಿತ್ತಲಿಗೆ ಕೈಕಾಲು ತೊಳೆಯಲು ಹೋದರೆ, ಕಟ್ಟೆಯ ಮೇಲೆ ತಾಮ್ರದ ಹಂಡೆ, ಹಿತ್ತಾಳೆ ದೀಪ, ಈಳಿಗೆಮಣೆ, ಕತ್ತರಿ ಎಲ್ಲ ಥಳಥಳ ಹೊಳೆಯುತ್ತ ಒಣಗುತ್ತಿದ್ದವು. ಅವುಗಳ ಪಕ್ಕದಲ್ಲಿ ಹಳೆಯ ಪಂಚೆಯ ಮೇಲೆ ಸಂಡೂರಿನ ಸೈನ್ಯ ಮಲಗಿತ್ತು. ಅತ್ತೆಯ ಕೈಯಲ್ಲಿ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು.

"ಅತ್ತೀ, ಏನ್ ಮಾಡಿದ್ರಿ ಇದು!"

"ಯಾಕವಾ? ಒಬ್ಬೊಬ್ಬರ ಕೈಯಾಗ ಕತ್ತಿ ಐತಿ, ಈಟಿ ಐತಿ. ಆಯುಧ ಅಲ್ಲೇನು? ಮನ್ಯಾಗ ಇರೋ ಆಯುಧ ತೊಳೀದಂಗ ಪೂಜಿಗೆ ಇಡತಾರೇನು? ಭಾಳ ಧೂಳಿತ್ತು, ತಿಕ್ಕಿ ತಿಕ್ಕಿ ಸಾಕಾತು."

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡುವಷ್ಟು. ಇವು ಸತ್ತುಹೋದ ಹುಡುಗನವು, ಇನ್ನೊಮ್ಮೆ ಬಣ್ಣ ಹಚ್ಚಲು ಅವನು ಬರುವುದಿಲ್ಲ ಎಂದಾಗ ಅತ್ತೆಯ ಕೈಯಿಂದ ನಾರು ಜಾರಿತು. "ಮೊದಲ ಹೇಳಬಾರದಿತ್ತೇನವಾ" ಎಂದಷ್ಟೇ ಅಂದು ಒಳಗೆ ಹೋದರು. ಮಾರನೆಯ ದಿನ ಪೂಜೆ ಮಾಡಿದರು, ಹೋಳಿಗೆಯನ್ನೂ ಮಾಡಿದರು. ತಾವು ಮಾತ್ರ ತಟ್ಟೆಯ ಮುಂದೆ ಕುಳಿತು ತುತ್ತು ಮುಟ್ಟದೆ ಎದ್ದರು.

ಸೈನಿಕರನ್ನು ನೋಡುವ ಧೈರ್ಯ ನನಗೆ ಆಯುಧಪೂಜೆ ಕಳೆದ ಮೇಲೆ ಬಂತು. ಲ್ಯಾಬಿನ ಭೂತಗನ್ನಡಿಯ ದೀಪದ ಕೆಳಗೆ ಮೊದಲನೆಯವನನ್ನು ಹಿಡಿದೆ. ಬಣ್ಣ ಹೋಗಿರಲಿಲ್ಲ. ಎರಡನೆಯವನನ್ನು ನೋಡಿದೆ, ಅವನದೂ ಹೋಗಿರಲಿಲ್ಲ. ಕಣ್ಣಿನ ಬಿಳಿ, ಮೀಸೆಯ ಎಳೆ, ಎಲ್ಲ ಇದ್ದಲ್ಲೇ ಇತ್ತು. ಧೂಳು ಹೋಗಿ, ನಾನು ಕಂದು ಎಂದುಕೊಂಡಿದ್ದ ಅಂಗಿಗಳು ನೀಲಿಯಾಗಿದ್ದವು. ಪಾದದ ಕೆಳಗೆ ನೆಲದಂತೆ ಕಾಣಲು ಅವನು ಅಂಟಿಸಿದ್ದ ಕೆಂಪು ಮಣ್ಣು ಮಾತ್ರ ಕೆಲವರಲ್ಲಿ ಕಿತ್ತುಹೋಗಿತ್ತು. ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಆದರೂ ಒಂದು ಅರ್ಥವಾಗಲಿಲ್ಲ. ನಾನು ಬಣ್ಣದ ಮೇಲೆ ಒಂದು ಕೈ ವಾರ್ನಿಷ್ ಹೊಡೆಯುತ್ತೇನೆ, ನಾರಿನಲ್ಲಿ ತಿಕ್ಕಿದರೆ ಅದು ನಿಲ್ಲುವುದಿಲ್ಲ. ಇವನು ಒಂದರ ಮೇಲೊಂದು ಹೊಡೆದಿದ್ದ. ಅಷ್ಟು ದಪ್ಪ ಹಚ್ಚಿದರೆ ಬಣ್ಣದ ನಾಜೂಕು ಮುಚ್ಚಿಹೋಗುತ್ತದೆ ಎಂದು ಅಷ್ಟು ಚೆಂದ ಮೀಸೆ ಬರೆದವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಡಬ್ಬಿ ಹಿಡಿದು ಸಂಡೂರಿಗೆ ಹೋದೆ. ಅಕ್ಕನ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ಕುಳಿತರೆ ಅವರು ನಗತೊಡಗಿದರು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮವ್ವನೂ ಹಿಂಗ ಮಾಡಿದ್ಲ್ರಿ. ಅವನು ಮೊದಲ ಬಣ್ಣ ಹಚ್ಚಿದ್ದ ಸೈನಿಕರನ್ನೆಲ್ಲಾ ಆಯುಧಪೂಜಿಗಂತ ಹುಣಸಿಹಣ್ಣು ಹಚ್ಚಿ ತಿಕ್ಕಿಬಿಟ್ಲು. ಬಿಳೀ ತಗಡು ಉಳೀತು. ಅವತ್ತಿನಿಂದ ವಾರ್ನಿಷ್ ಮ್ಯಾಲೆ ವಾರ್ನಿಷ್ ಹೊಡೆಯಾಕ ಹತ್ತಿದ. ಅವ್ವ ತೊಳೀದ ಬಿಡಂಗಿಲ್ಲ ಅಂತಿದ್ದ."

ಕಿತ್ತುಹೋದ ಮಣ್ಣಿನ ಮಾತೆತ್ತಿದೆ. "ಮಣ್ಣಿಗೇನು ಬರ ಬಂದೈತೇನ್ರಿ ಸಂಡೂರಾಗ?" ಎಂದು ಅಂಗಳದಿಂದ ಒಂದು ಹಿಡಿ ತಂದರು. ನಾನು ಅಲ್ಲೇ ಕುಳಿತು ಅಂಟಿಸುವಾಗ ಅವರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು.

"ಅವ್ವ ಸತ್ತ ಮ್ಯಾಲೂ ವಾರ್ನಿಷ್ ಹಚ್ಚೋದು ಬಿಡಲಿಲ್ಲ. ಈಗ ಯಾರು ತೊಳೀತಾರಂತ ಹಚ್ಚತೀಯೋ ಅಂದ್ರ, ಯಾವ ಅವ್ವ ಎಲ್ಲಿರತಾಳೋ ಯಾರಿಗೆ ಗೊತ್ತಕ್ಕಾ ಅಂತಿದ್ದ."

ವಾಪಸು ಬರುವಾಗ ಬಸ್ಸು ಅದಿರಿನ ಲಾರಿಗಳ ಹಿಂದೆ ತೆವಳುತ್ತಿತ್ತು. ಮನೆ ಮುಟ್ಟುವ ತನಕ ತಡೆಯಲಾಗದೆ ಅತ್ತೆಗೆ ಫೋನ್ ಮಾಡಿ, ಬಣ್ಣ ಯಾಕೆ ಉಳಿಯಿತು ಎಂಬುದನ್ನೂ ಆ ಹುಡುಗನ ಮಾತನ್ನೂ ಹಾಗೆಯೇ ಹೇಳಿದೆ.

ಆ ಕಡೆಯಿಂದ ಅತ್ತೆ ಅಂದರು, "ನನ್ನ ಕಂಡಿಲ್ಲ, ಕೇಳಿಲ್ಲ. ಆದ್ರೂ ನನ್ನ ಕೈಯಾಗಿನ ತಪ್ಪು ತಾನ ಹೊತಗೊಂಡ ನೋಡವಾ ಆ ಕೂಸು. ಜಲ್ದಿ ಬಾ, ಇಬ್ಬರೂ ಕೂಡೇ ಉಣ್ಣೋಣು."